ಮಿಷನ್ ಒರಳ ಮೇಲಿಡು ಅಂದೆ

ನನಗೆ ಆಗ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಹೊಟ್ಟೆಯುರಿ ಇನ್ನೂ ಇಳಿದಿಲ್ಲ, ಅದಕ್ಕೇ ಹೇಳಿ ಬರೆಸುತ್ತಿದ್ದೇನೆ.

ನಮ್ಮೂರು ಜಾವಗಲ್ಲಿಗೆ ಹತ್ತಿರ. ಮನೆ ಹಿಂದೆ ಮೂರು ಹೊಲ ದಾಟಿದರೆ ಕಲ್ಲು ಕ್ವಾರಿ. ಮೊದಲು ಅಲ್ಲಿ ನಮ್ಮ ಯಜಮಾನರು ಉಳಿ ಸುತ್ತಿಗೆ ಹಿಡಿದು ಚಪ್ಪಡಿ ಎಬ್ಬಿಸುತ್ತಿದ್ದರು. ಅವರು ಸತ್ತ ಮೇಲೆ ಯಾರೋ ಲೀಸಿಗೆ ಹಿಡಿದು, ಕುಳಿ ಕೊರೆದು, ಮದ್ದು ತುಂಬಿ ಸಿಡಿಸಲು ಶುರುಮಾಡಿದರು. ಮೊದಲ ವರ್ಷವೇ ನನ್ನ ಹಿಂದಿನ ಗೋಡೆ ಬಿರುಕು ಬಿಟ್ಟಿತು. ಮಣ್ಣು ಮೆತ್ತಿದೆ. ಮತ್ತೆ ಬಿಟ್ಟಿತು. ಕೊನೆಗೆ ಕೈ ತೂರುವಷ್ಟಾಯಿತು. ನಾನು ಮಲಗುವುದು ಆ ಗೋಡೆಯ ಬುಡದಲ್ಲೇ.

ಅಷ್ಟಾದರೂ ಅವರಿಗೆ ಸಾಲದು. ಕುಳಿಗೆ ಹಾಕುವ ಮದ್ದು ಎರಡರಷ್ಟು ಮಾಡಬೇಕಂತೆ. ಅದಕ್ಕೆ ಮುಂಚೆ ಹತ್ತಿರದ ಮನೆ ಎಷ್ಟು ಅದುರುತ್ತದೆ ಎಂದು ಅಳೆದು, ಮನೆಯವರ ಸಹಿ ಹಾಕಿಸಿ, ಗಣಿ ಆಫೀಸಿಗೆ ಕೊಡಬೇಕಂತೆ. ಹತ್ತಿರದ ಮನೆ ನನ್ನದೇ.

ಒಂದು ದಿನ ಮಧ್ಯಾಹ್ನದ ಸಿಡಿತ ಮುಗಿದ ಮೇಲೆ ಕ್ವಾರಿ ಮೇಸ್ತ್ರಿ ಒಬ್ಬ ಕನ್ನಡಕದ ಇಂಜಿನಿಯರನನ್ನು ಕರೆದುಕೊಂಡು ಹಿತ್ತಿಲಿಗೆ ಬಂದ. ಇಂಜಿನಿಯರನ ಕೈಯಲ್ಲಿ ಆಗಲೇ ತುಂಬಿಸಿದ ಕಾಗದ.

"ಅಜ್ಜಿ, ಇಲ್ಲೊಂದು ಸಹಿ ಹಾಕಿ. ಅದುರೋದು ಸೆಕೆಂಡಿಗೆ ಐದು ಮಿಲಿಮೀಟರ್ ದಾಟಬಾರದು ಅಂತ ರೂಲ್ಸು. ನಿಮ್ಮನೆಗೆ ಎರಡೇ ಬಂದಿರೋದು. ಮದ್ದು ಎರಡರಷ್ಟು ಹಾಕಿದ್ರೂ ಐದು ಮುಟ್ಟಲ್ಲ."

"ನಮ್ಮನೇಲಿ ಯಾವಾಗ ಅಳೆದ್ರಿ? ನಾನು ನೋಡ್ಲೇ ಇಲ್ವಲ್ಲ."

"ಆ ಹುಣಸೆಮರದ ಹತ್ರ ಮಿಷನ್ ಇಟ್ಟಿದ್ವಿ. ಕ್ವಾರಿಯಿಂದ ನಿಮ್ಮನೆ ಎಷ್ಟು ದೂರವೋ ಆ ಮರಾನೂ ಅಷ್ಟೇ ದೂರ. ಮದ್ದಿನ ತೂಕ, ದೂರ, ಇವೆರಡು ಗೊತ್ತಿದ್ರೆ ಎಲ್ಲಿ ಎಷ್ಟು ಅದುರುತ್ತೆ ಅಂತ ಮೊದಲೇ ಹೇಳಬಹುದು ಅಜ್ಜಿ."

ಮೈಯೆಲ್ಲ ಉರಿಯಿತು. ಕ್ವಾರಿಗೂ ಆ ಮರಕ್ಕೂ ನಡುವೆ ಹಳ್ಳವಿದೆ. ಬಂಡೆ ಅಲ್ಲಿ ತುಂಡಾಗಿ, ಆಚೆಗೆ ಬರೀ ಗೋಡುಮಣ್ಣು, ಅದುರಿದ್ದು ಅಲ್ಲೇ ಇಂಗಿಹೋಗುತ್ತದೆ. ನನ್ನ ಕಡೆ ಹಾಗಲ್ಲ. ಕ್ವಾರಿಯ ಬಂಡೆಯೇ ಹೊಲದಡಿ ಹಾಸಿಕೊಂಡು ಬಂದು ನಮ್ಮ ಹಿತ್ತಿಲಲ್ಲಿ ಮೇಲೆದ್ದಿದೆ. ಗೋಡೆ ಕಟ್ಟಿರುವುದು ಅದರ ಮೇಲೆ. ಗೋಡೆ ಪಕ್ಕದಲ್ಲಿ ನಮ್ಮ ಮಾವ ಅದೇ ಬಂಡೆಯಲ್ಲಿ ಒರಳು ಕಡೆದಿದ್ದರು. ಯಜಮಾನರು ಅಲ್ಲಿ ಸುತ್ತಿಗೆ ಬೀಸಿದರೆ ಇಲ್ಲಿ ಒರಳಿಗೆ ಕೈ ಹಾಕಿದವಳಿಗೆ ತಿಳಿಯುತ್ತಿತ್ತು. ಏಟು ನಿಂತಿತೆಂದರೆ ಊಟಕ್ಕೆ ಹೊರಟರು ಎಂದು ಮುದ್ದೆಗೆ ಎಸರಿಡುತ್ತಿದ್ದೆ. ದೂರ ಅಳೆಯುವ ಟೇಪಿಗೆ ಇದೆಲ್ಲ ಏನು ಗೊತ್ತು?

"ನಾನು ಮರದ ಕೆಳಗೆ ಮಲಗಲ್ಲ ಕಣಪ್ಪ. ಮಿಷನ್ ತಂದು ಈ ಒರಳ ಮೇಲಿಡು. ಆಮೇಲೆ ಸಹಿ."

ಮೇಸ್ತ್ರಿ ಹಲ್ಲುಕಿರಿದ. "ಸಾರ್, ಅಜ್ಜಿ ಮಿಷನ್ನ ರುಬ್ಬಿಬಿಡ್ತಾರೆ."

ಬೇಲಿಯಾಚೆ ಸಗಣಿ ಬಾಚುತ್ತಿದ್ದ ನನ್ನ ಓರಗಿತ್ತಿ, "ಮೊದ್ಲು ನಿನ್ನ ನಾಲಿಗೆ ರುಬ್ತಾಳೆ ಕಣ್ಲಾ, ಸುಮ್ಕಿರು" ಎಂದಳು.

"ಇಲ್ಲಿಟ್ರೂ ಅಷ್ಟೇ ಬರೋದು" ಎಂದ ಇಂಜಿನಿಯರ.

"ಅಷ್ಟೇ ಬರಂಗಿದ್ರೆ ಇಡಕ್ಕೇನು ನೋವು ನಿಂಗೆ?"

ಹಳೇಬೀಡಿನ ಗುಡಿ ಅದುರಿದರೆ ಡೆಲ್ಲಿಯಿಂದ ಜನ ಬರುತ್ತಾರೆ. ನನ್ನ ಗೋಡೆ ಅದುರಿದರೆ ಹಲ್ಲುಕಿರಿಯಲು ಮೇಸ್ತ್ರಿ ಬರುತ್ತಾನೆ.

ಸಂಜೆ ನಾಲ್ಕಕ್ಕೆ ಇನ್ನೊಂದು ಸಿಡಿತವಿತ್ತು, ಮಧ್ಯಾಹ್ನದಷ್ಟೇ ಮದ್ದು. ಬೇಗ ಸಹಿ ಆದರೆ ಸಾಕೆಂದು ಇಂಜಿನಿಯರ ಒಪ್ಪಿದ. ಮಿಷನ್ನಿಗೆ ವೈರಿನಿಂದ ಸೇರಿಸಿದ್ದ ಮುಷ್ಟಿಯಷ್ಟು ದಪ್ಪದ ಡಬ್ಬಿಯನ್ನು ಒರಳಿನ ಅಂಚಿನ ಬಂಡೆಗೆ ತಾನೇ ಅಂಟು ಹಾಕಿ ಕೂರಿಸಿದ. ಅಲ್ಲಾಡಿಸಿ ನೋಡಿ, ಗಟ್ಟಿ ಇದೆ ಎಂದ. ಸೈರನ್ ಕೂಗಿತು. ಢಂ ಎಂದದ್ದಕ್ಕೆ ಒರಳೊಳಗಿನ ಗುಂಡುಕಲ್ಲು ಕಟಕಟ ಎಂದಿತು. ಬಿರುಕಿನಿಂದ ಮಣ್ಣು ಸುರಿಯಿತು. ಮಿಷನ್ನು ಬಸ್ ಟಿಕೆಟಿನಂಥ ಚೀಟಿ ಉಗುಳಿತು.

ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಬೇಕು. ಅಂಕಿ ಬರುತ್ತದೆ, ಬಸ್ಸಿನ ನಂಬರು ನೋಡಿ ಕಲಿತದ್ದು. ಒಂಬತ್ತು.

ಇಂಜಿನಿಯರ ನನ್ನ ಮುಖ ನೋಡಲಿಲ್ಲ. "ಇದು ಲೆಕ್ಕಕ್ಕೆ ಬರಲ್ಲ. ಮಿಷನ್ ಸರಿಯಾಗಿ ಕೂತಿಲ್ಲ" ಎಂದು ಚೀಟಿ ಮುದುರಿ ಎಸೆದ. ಕಾಗದದಲ್ಲಿ ಎರಡು ಎರಡಾಗಿಯೇ ಉಳಿಯಿತು.

"ಈಗ ತಾನೇ ಗಟ್ಟಿ ಐತೆ ಅಂದ್ಯಲ್ಲಯ್ಯ! ಎರಡು ಬಂದಿದ್ರೆ ಸರಿ ಕೂತಿರ್ತಿತ್ತು, ಅಲ್ವಾ? ನಮ್ಮೆಜಮಾನ್ರು ಸುತ್ತಿಗೇಲಿ ಬಡಿದಿದ್ದೇ ಈ ಒರಳಿಗೆ ಗೊತ್ತಾಗ್ತಿತ್ತು. ನೀನು ಮದ್ದಿಕ್ಕಿ ಸಿಡಿಸಿದ್ದು ಗೊತ್ತಾಗಲ್ವಾ? ಎದ್ದೋಗು ಇಲ್ಲಿಂದ!"

"ಅಜ್ಜಿ, ನೀವು ಸಹಿ ಹಾಕ್ದಿದ್ರೆ ಹಾಕಲಿಲ್ಲ ಅಂತ ಬರೆದು ಕಳಿಸ್ತೀವಿ" ಎಂದ ಮೇಸ್ತ್ರಿ. "ಎರಡು ಅಂತಾನೇ ಹೋಗತ್ತೆ. ಒಪ್ಪಿಗೇನೂ ಸಿಗತ್ತೆ. ಸುಮ್ನೆ ಯಾಕೆ ಗಂಟಲು ಹರ್ಕೊಳ್ತೀರ?"

"ಬರ್ಕೊಂಡು ಹೋಗು ಕಣ್ಲಾ."

ಹೋದರು. ನಾನು ಬಗ್ಗಿ ಚೀಟಿ ಎತ್ತಿ, ಬಂಡೆಯ ಮೇಲಿಟ್ಟು ಅಂಗೈಯಲ್ಲಿ ತೀಡಿ ನೇರ ಮಾಡಿದೆ. ತಾರೀಖು, ಹೊತ್ತು, ಒಂಬತ್ತು, ಮೂರೂ ಇದ್ದವು. ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಹಸು ಕರೆದು, ಹಾಲಿನ ಕ್ಯಾನನ್ನು ಓರಗಿತ್ತಿ ಕೈಗೆ ಕೊಟ್ಟು, ಮೊದಲ ಬಸ್ಸಿಗೆ ಹಾಸನಕ್ಕೆ ಹೋದೆ. ಗಣಿ ಆಫೀಸಿನ ಎದುರಿನ ಅಂಗಡಿಯಲ್ಲಿ ಚೀಟಿಯ ಎರಡು ಜೆರಾಕ್ಸ್ ಮಾಡಿಸಿದೆ. ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ ಒಂದನ್ನು ಮೇಜಿನ ಮೇಲಿಟ್ಟೆ, ಇನ್ನೊಂದಕ್ಕೆ ಮುಟ್ಟಿತು ಎಂದು ಸೀಲು ಒತ್ತಿಸಿಕೊಂಡೆ. ಅಸಲು ಕೇಳಿದರು. ಕೊಡಲಿಲ್ಲ.