ಕರೆಂಟ್ ಕಿಟ್ಲಿ ತಂದ ಮೇಲೆ

ನನಗೆ ಎದ್ದ ಕೂಡಲೇ ಚಹಾ ಬೇಕು. ಮುಖ ತೊಳೆಯುವುದು, ದೇವರಿಗೆ ಕೈ ಮುಗಿಯುವುದು ಎಲ್ಲ ಆಮೇಲೆ. ಮದುವೆಯಾಗಿ ಅಕ್ಕೋಳಕ್ಕೆ ಬಂದ ಮೇಲೆ ಹತ್ತಿದ ಚಟ ಇದು. ಗಂಡ ಸತ್ತ, ಚಟ ಸಾಯಲಿಲ್ಲ. ಚಹಾ ಹೊಟ್ಟೆಗೆ ಬೀಳದಿದ್ದರೆ ತಲೆಗೆ ಹಗ್ಗ ಬಿಗಿದಂತಾಗುತ್ತದೆ. ಎದುರಿಗೆ ಬಂದವರನ್ನು ಸುಮ್ಮನೆ ಬೈಯುತ್ತೇನೆ.

ಕೈಕಾಲು ಗಟ್ಟಿ ಇರುವವರೆಗೆ ನನ್ನ ಚಹಾ ನಾನೇ ಕಾಸಿಕೊಂಡೆ. ಯಾರ ಹಂಗೂ ಇರಲಿಲ್ಲ. ಒಂದು ದಿನ ಹಾಲು ಉಕ್ಕಿ ಗ್ಯಾಸಿನ ಉರಿ ಆರಿದ್ದು ನನಗೆ ತಿಳಿಯಲೇ ಇಲ್ಲ. ಕಣ್ಣಿಗೆ ಪೊರೆ ಬಂದಿತ್ತು. ತಪಕೀರಿನ ನಶ್ಯ ಏರಿಸಿ ಏರಿಸಿ ಮೂಗಿಗೂ ವಾಸನೆ ಹತ್ತುತ್ತಿರಲಿಲ್ಲ. ಹೊರಗಿನಿಂದ ಬಂದ ಮಗ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದ, ಕಿಟಕಿ ಬಾಗಿಲು ತೆರೆದ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಯವ್ವಾ, ಇನ್ನ ಮುಂದ ಗ್ಯಾಸಿಗಿ ಕೈ ಹಚ್ಚಬ್ಯಾಡ,” ಎಂದ. “ಚಹಾ ಬೇಕಂದ್ರ ಕೇಳು. ಮನ್ಯಾಗ ಮಂದಿ ಇಲ್ಲೇನು?”

ಮುಂದೆ ಪೊರೆ ತೆಗೆಸಿಕೊಂಡೆ, ಕಣ್ಣು ಕಂಡವು. ಆದರೂ ಅವನು ಮಾತು ಸಡಿಲಿಸಲಿಲ್ಲ.

ಮನೆಯಲ್ಲಿ ಮಂದಿ ಎಂದರೆ ಸೊಸೆ ಒಬ್ಬಳೇ. ಮಗ ಸಕ್ಕರೆ ಕಾರ್ಖಾನೆಯಲ್ಲಿ ಇರುವವನು. ಕಬ್ಬಿನ ಹಂಗಾಮು ಶುರುವಾದರೆ ಅವನು ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಸೊಸೆ ನಿಪ್ಪಾಣಿಯ ಒಂದು ದವಾಖಾನೆಯಲ್ಲಿ ನರ್ಸು. ಮಧ್ಯಾಹ್ನ ಹೋದರೆ ಕೊನೆಯ ಬಸ್ಸಿಗೆ ಬರುತ್ತಾಳೆ. ಉಂಡು, ಪಾತ್ರೆ ತಿಕ್ಕಿ ಅವಳು ಮೈ ಚೆಲ್ಲುವ ಹೊತ್ತಿಗೆ ನನ್ನದು ಅರ್ಧ ನಿದ್ದೆ ಆಗಿರುತ್ತದೆ. ನನಗೆ ಎಚ್ಚರವಾಗುವುದು ಕೋಳಿಗಿಂತ ಮೊದಲು.

ಕೇಳು ಎಂದ ಮಗ. ಕೇಳುವುದು ನನ್ನ ಬಾಯಿಗೆ ಬರುವುದಿಲ್ಲ. ಅದಕ್ಕೆ ಕೆಮ್ಮುತ್ತಿದ್ದೆ. ಮೊದಲು ಸಣ್ಣದೊಂದು. ಸ್ವಲ್ಪ ತಡೆದು ದೊಡ್ಡದು. ಆಗ ಆಚೆ ಕೋಣೆಯಲ್ಲಿ ಮಂಚ ಕಿರ್ ಎನ್ನುವುದು, ಬಳೆ ಸದ್ದಾಗುವುದು. ಅವಳು ಅರೆಗಣ್ಣಲ್ಲಿ ಬಂದು ಚಹಾ ಕಾಸಿ, ಕಪ್ಪು-ಬಶಿ ನನ್ನ ಮುಂದಿಟ್ಟು, ನಾನು ಕುಡಿದು ಮುಗಿಸುವವರೆಗೆ ಗೋಡೆಗೆ ಆತು ನಿಲ್ಲುತ್ತಿದ್ದಳು. ಹೋಗಿ ಮಲಗು ಎಂದರೆ, “ಇರ್ಲಿ ಕುಡೀರಿ, ಕಪ್ಪ ತೊಳದ ಇಡತೀನಿ,” ಎನ್ನುತ್ತಿದ್ದಳು. ನಾನು ಬಶಿಗೆ ಸುರುವಿ ಊದಿ ಕುಡಿಯುವವಳು. ಬೇಗ ಕುಡಿಯೋಣವೆಂದರೆ ನಾಲಿಗೆ ಸುಡುತ್ತದೆ, ನಿಧಾನ ಕುಡಿದರೆ ಅವಳು ನಿಂತಲ್ಲೇ ತೂಗುತ್ತಾಳೆ. ಆ ಚಹಾ ನನಗೆ ಎಂದೂ ಸರಿಯಾಗಿ ಇಳಿಯಲಿಲ್ಲ. ಆದರೂ ಮರುದಿನ ಕೆಮ್ಮುತ್ತಿದ್ದೆ.

ಒಂದು ಬೆಳಗ್ಗೆ ಅವಳು ನಿದ್ದೆಗಣ್ಣಲ್ಲಿ ಸೋಸುವಾಗ ಪಾತ್ರೆ ವಾಲಿ, ಕುದಿಯುವ ಚಹಾ ಎಡಗೈಯ ಮೇಲೆ ಬಿತ್ತು. ಕೂಗಲಿಲ್ಲ, ಹಲ್ಲು ಕಚ್ಚಿ ಕೈಯನ್ನು ನೀರಿನ ಕೊಡದಲ್ಲಿ ಅದ್ದಿದಳು. ಉಳಿದದ್ದನ್ನು ಬಲಗೈಯಿಂದ ನನ್ನ ಕಪ್ಪಿಗೆ ಹಾಕಿದಳು. ಅದನ್ನು ನಾನು ಕುಡಿದೆ. ಚೆಲ್ಲಲು ಮನಸ್ಸಾಗಲಿಲ್ಲ, ಚೆಲ್ಲಿದರೆ ಮತ್ತೆ ಕಾಸುತ್ತಾಳೆ. ಮಧ್ಯಾಹ್ನ ಕೈಗೆ ಬಟ್ಟೆ ಸುತ್ತಿಕೊಂಡು ಪಾಳಿಗೆ ಹೋದಳು. ಅವಳ ಬೆನ್ನು ನೋಡುತ್ತ ಕಟ್ಟೆಯ ಮೇಲೆ ಕೂತಾಗಲೇ ಕರೆಂಟಿನ ಕಿಟ್ಲಿ ತರಬೇಕೆಂದು ಗಟ್ಟಿ ಮಾಡಿದೆ.

ಪೊರೆ ತೆಗೆಸಲು ಹೋದಾಗ ಪಕ್ಕದ ಮಂಚದ ಹೆಂಗಸಿನ ಹತ್ತಿರ ಅಂಥದೊಂದು ನೋಡಿದ್ದೆ. ನೀರು ಕುದಿದ ಕೂಡಲೇ ಟಕ್ ಎಂದು ತಾನೇ ಬಂದ್ ಆಗುತ್ತಿತ್ತು. ಮುದುಕಿ ಮರೆತರೂ ಅದು ಮರೆಯುವುದಿಲ್ಲ. ಯಾರಿಗೂ ಹೇಳದೆ ಸಂತೆಯ ದಿನ ನಿಪ್ಪಾಣಿ ಬಸ್ಸು ಹತ್ತಿದೆ.

ಅಂಗಡಿಯವನು ವಯಸ್ಸಿನಲ್ಲಿ ನನ್ನ ಮಗನಷ್ಟು.

“ಯಾರಿಗಿ ಬೇಕ್ರಿ ಆಯಿ?”

“ಚಹಾ ಕುಡಿಯವ್ರಿಗಿ.”

“ಎಷ್ಟ ಮಂದಿ ಅದೀರಿ?”

“ಒಂದ ಮುದುಕಿ. ನಾಕ ಮಂದಿದು ಆಕಿ ಒಬ್ಬಾಕಿನ ಕುಡೀತಾಳ.”

ಅವನು ನಗುತ್ತ ಸಾಲಾಗಿ ತೆಗೆದಿಟ್ಟ. ಒಂದು ಗಾಜಿನದು, ಗುಂಡಿ ಒತ್ತಿದರೆ ಒಳಗೆ ನೀಲಿ ಬೆಳಕು, ದೇವರ ಮನೆಯಲ್ಲಿ ಇಡುವಂತಿತ್ತು.

“ಇದು ಬಿದ್ರ?”

“ಸಂಭಾಳಿಸಿ ಹಿಡೀಬೇಕ್ರಿ.”

“ಸಂಭಾಳಸೂ ಕೈ ಇದ್ರ ನಿನ್ನ ಅಂಗಡಿಗಿ ಯಾಕ ಬರತಿದ್ನೋ?”

ಇನ್ನೊಂದು ಪ್ಲಾಸ್ಟಿಕ್ಕಿನದು, ಹಗುರ. ಮುಚ್ಚಳ ತೆಗೆದು ಅವನ ಮೂಗಿಗೇ ಹಿಡಿದೆ. “ನನಗ ವಾಸನಿ ಹತ್ತೂದಿಲ್ಲ. ನೀನ ಮೂಸಿ ಖರೇ ಹೇಳು.” ಅವನು ಮೂಸಿದ. “ಹೊಸಾದ್ರಿ, ಸ್ವಲ್ಪ ಬರತೈತಿ,” ಎಂದ. ಅದನ್ನೂ ಬದಿಗಿಟ್ಟೆ. ದೊಡ್ಡ ಸ್ಟೀಲಿನದರಲ್ಲಿ ನೀರು ತುಂಬಿಸಿ ಎತ್ತಿ ನೋಡಿದೆ, ಮಣಿಕಟ್ಟು ಸೋತಿತು. ಬರಿಯದನ್ನು ಎತ್ತಿ ನೋಡಿ ಕೊಳ್ಳಬಾರದು, ಕೊಡವೇ ಇರಲಿ ಕಿಟ್ಲಿಯೇ ಇರಲಿ. ಕೊನೆಗೆ ಸಣ್ಣ ಸ್ಟೀಲಿನದು ಕೈಗೆ ಒಪ್ಪಿತು. ಬಾಯಿ ಅಗಲ ಇತ್ತು, ಕೈ ಹಾಕಿ ತೊಳೆಯಬಹುದು. ಹಿಡಿಕೆ ಬೆರಳಿಗೆ ಸುಡುತ್ತಿರಲಿಲ್ಲ. ಕೆಳಗಿನ ತಟ್ಟೆಯ ಮೇಲೆ ಹೇಗೆ ಇಟ್ಟರೂ ಕೂರುತ್ತಿತ್ತು, ಹೊಂದಿಸುತ್ತ ತಡಕಾಡಬೇಕಿರಲಿಲ್ಲ.

“ಹಾಲು, ಪುಡಿ, ಸಕ್ಕರಿ ಎಲ್ಲಾ ಕೂಡೇ ಹಾಕಲೇನು?”

“ಹಂಗ ಮಾಡಬ್ಯಾಡ್ರಿ ಆಯಿ. ನೀರಷ್ಟ. ಹಾಲ ಹಾಕಿದ್ರ ತಳಾ ಹತ್ತತೈತಿ, ಉಕ್ಕಿ ಕೆಳಗಿನ ವಾಯರಿನ ಮ್ಯಾಲ ಇಳೀತೈತಿ.”

ನಮ್ಮ ಕಡೆ ಹಾಲು ಹಾಕಿ ಕುದಿಸದಿದ್ದರೆ ಅದಕ್ಕೆ ಚಹಾ ಎನ್ನುವುದಿಲ್ಲ. ಹಿಂದಿರುಗಿ ಬಿಡೋಣವೆಂದುಕೊಂಡೆ. ಆಗ ನನ್ನ ತವರು ಕಬ್ಬೂರಿನ ಬೆಲ್ಲದ ಚಹಾ ನೆನಪಾಯಿತು. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುತ್ತದೆ. ಅದಕ್ಕೆ ಅವ್ವ ಪುಡಿ ಬೆಲ್ಲದ ಕಪ್ಪು ನೀರು ಮೊದಲು ಸೋಸಿ, ಮೇಲೆ ಹಾಲು ಬಿಡುತ್ತಿದ್ದಳು. ಆ ಚಹಾಕ್ಕೆ ಈ ಕಿಟ್ಲಿ ಸಾಕು. ಕಟ್ಟು ಎಂದೆ.

ಮನೆಯಲ್ಲಿ ಪ್ಲಗ್ಗು ಇದ್ದದ್ದು ಪಡಸಾಲೆಯಲ್ಲಿ, ನನ್ನ ಮಂಚದ ಬದಿಗೆ. ಟ್ರಂಕಿನ ಮೇಲೆ ಕಿಟ್ಲಿ ಇಟ್ಟೆ. ಪುಡಿ, ಬೆಲ್ಲದ ಡಬ್ಬಿ, ಜರಡಿ ಅದರ ಪಕ್ಕದಲ್ಲಿ. ಮರುದಿನ ಬೆಳಗ್ಗೆ ಕೆಮ್ಮಲಿಲ್ಲ. ನೀರು ಕುದಿಯಿತು, ಟಕ್ ಎಂದಿತು. ಬೆಲ್ಲ ಪುಡಿ ಹಾಕಿದ ಪಾತ್ರೆಗೆ ಸುರುವಿ, ಮುಚ್ಚಿ, ರಾತ್ರಿಯ ಹಾಲಿನ ಲೋಟವನ್ನು ಉಳಿದ ಬಿಸಿನೀರಿನಲ್ಲಿ ಇಟ್ಟೆ. ಚಹಾ ಅಷ್ಟಕ್ಕಷ್ಟೇ ಆಯಿತು. ಆದರೆ ಬಶಿ ಹಿಡಿದು ಬಾಗಿಲಿನಿಂದ ಇಣುಕಿದರೆ ಸೊಸೆ ಬಾಯಿ ತೆರೆದು ಮಲಗಿದ್ದಳು, ಸುಟ್ಟ ಕೈ ಹೊದಿಕೆಯ ಹೊರಗೆ. ಬಿಸಿಲು ಬರುವವರೆಗೆ ಏಳಲಿಲ್ಲ. ಎದ್ದವಳು ಟ್ರಂಕು ನೋಡಿದಳು, ನನ್ನನ್ನು ನೋಡಿದಳು. “ಬರೀ ಖರ್ಚ ಮಾಡತೀರಿ,” ಎಂದಳಷ್ಟೇ. ಮುಖದಲ್ಲಿ ನಿದ್ದೆಯ ಕಳೆ ಇತ್ತು. ನಾನೂ ಹಿಗ್ಗಿದೆ.

ನಮ್ಮ ಎಮ್ಮೆಯ ಹಾಲನ್ನು ಎದುರು ಮನೆಯ ಗೆಳತಿ ದಿನಾ ಒಯ್ಯುತ್ತಾಳೆ. ನನ್ನ ವಾರಿಗೆಯವಳು. ಕೆಲವು ದಿನಗಳಾದ ಮೇಲೆ ತಂಬಿಗೆ ಹಿಡಿದು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು.

“ಏನಬೇ ಇದು?”

“ಕರೆಂಟಿನ ಕಿಟ್ಲಿ. ಚಹಾ ಮಾಡಕೊಳ್ಳಾಕ.”

“ನಿನ್ನ ಚಹಾ ನೀನ ಮಾಡಕೋತಿ?”

“ಹೂಂ.”

“ಸ್ವಸಿ ಎಲ್ಲಿ?”

“ಮಲಗ್ಯಾಳ.”

ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನೇ ತಂದದ್ದು ಎಂಬ ಇನ್ನೊಂದು ಮಾತು ಸೇರಿಸಬೇಕಿತ್ತು, ಸೇರಿಸಲಿಲ್ಲ. ಅವಳು ಟ್ರಂಕಿನ ಮೇಲಿನ ಡಬ್ಬಿ ಜರಡಿ ಎಲ್ಲವನ್ನೂ ಒಂದೊಂದಾಗಿ ನೋಡಿ, “ಹಂಗನ,” ಎಂದು ಹಾಲು ತೆಗೆದುಕೊಂಡು ಹೋದಳು.

ನಮ್ಮಲ್ಲಿ ಮನೆ ಒಡೆಯುವುದು ಹೊಲದಿಂದಲ್ಲ, ಒಲೆಯಿಂದ. ಅಣ್ಣತಮ್ಮಂದಿರು ಬೇರೆಯಾದರೆ ಮೊದಲು ಇನ್ನೊಂದು ಮೂಲೆಯಲ್ಲಿ ಮೂರು ಕಲ್ಲು ಬೀಳುತ್ತವೆ. ಮುದುಕಿಗೆ ಬೇರೆ ಒಲೆ ಹಾಕಿಕೊಟ್ಟ ಸೊಸೆಯ ಹೆಸರನ್ನು ಅವಳ ಮೊಮ್ಮಕ್ಕಳ ಮದುವೆಯಲ್ಲೂ ಎತ್ತುತ್ತಾರೆ. ಹಾಗೆ ಎತ್ತುವವರಲ್ಲಿ ನಾನೂ ಒಬ್ಬಳು. ಇಷ್ಟು ಗೊತ್ತಿದ್ದೂ ಕಿಟ್ಲಿಯನ್ನು ಒಲೆ ಎಂದು ನಾನು ಎಣಿಸಲಿಲ್ಲ. ಅದಕ್ಕೆ ಉರಿ ಇಲ್ಲ, ಹೊಗೆ ಇಲ್ಲ. ಊರು ಎಣಿಸಿತು.

ಹಿಟ್ಟಿನ ಗಿರಣಿಯಲ್ಲಿ ಮಾತಾಯಿತು. ಆಗ ಎಲ್ಲರ ಕೈಗೂ ಮೊಬೈಲು ಬಂದಿತ್ತು, ಮಾತಿಗೆ ಬಸ್ಸು ಬೇಕಿರಲಿಲ್ಲ. ಸೊಸೆಯ ತವರು ಕಾಗವಾಡ. ಅಲ್ಲಿಂದ ಅವಳ ತಾಯಿಯ ಫೋನು ಬಂತು. ಅಡುಗೆಮನೆಯಲ್ಲಿ ನಿಂತು ಇವಳು, “ಇಲ್ಲ ಬೇ ಅವ್ವಾ, ಹಂಗೇನಿಲ್ಲ... ಯಾರ ಹೇಳಿದ್ರು ನಿನಗ... ನಾ ಬ್ಯಾರೆ ಇಟ್ಟಿಲ್ಲ ಬೇ,” ಎನ್ನುತ್ತಿದ್ದುದು ಪಡಸಾಲೆಗೆ ಕೇಳಿತು. ನಾನು ಕಪ್ಪು ಕೆಳಗಿಟ್ಟೆ.

ಹೊರಗೆ ಬಂದು ನನ್ನ ಮುಂದೆ ನಿಂತಳು.

“ಅತ್ತಿಯಾರ, ನಾ ಎಂದರ ನಿಮಗ ಚಹಾ ಇಲ್ಲ ಅಂದೀನೇನ್ರಿ?”

“ಇಲ್ಲ.”

“ಮತ್ತ ಯಾಕ ತಂದ್ರಿ ಇದನ್ನ?”

“ನಿನ್ನ ಕೈ ಸುಟ್ಟಿತ್ತಲಾ. ನೀ ಒಂದೀಟ ಮಲಗಲಿ ಅಂತ.”

“ಕೈ ಮಾಯತೈತ್ರಿ. ಹೆಸರ ಕೆಟ್ರ ಮಾಯೂದಿಲ್ಲ.”

ಅಷ್ಟು ಹೇಳಿ ಪಾಳಿಗೆ ಹೊರಟಳು. ದಿನಾ ಬಾಗಿಲಲ್ಲಿ, “ಹೋಗಿ ಬರತೀನ್ರಿ,” ಎನ್ನುವವಳು ಅಂದು ಅನ್ನಲಿಲ್ಲ.

ನಾನು ಎದುರು ಮನೆಗೆ ಹೋದೆ. ಗೆಳತಿ ಜೋಳ ಹಸನು ಮಾಡುತ್ತಿದ್ದಳು. ಕೂತುಕೊಳ್ಳದೆ ಹೇಳಿದೆ: “ನೋಡು, ಆ ಕಿಟ್ಲಿ ನಾನ ನಿಪ್ಪಾಣಿಗಿ ಹೋಗಿ ತಂದೀನಿ. ಆಕಿದೇನೂ ಇಲ್ಲ ಅದರಾಗ. ಚಟಾ ನಂದು.”

ಅವಳು ಮೊರ ಕೆಳಗಿಟ್ಟು ನನ್ನ ಕೈ ಹಿಡಿದಳು. “ಹೌದ ಬಿಡವಾ. ನೀ ಹಂಗ ಹೇಳಬೇಕಲಾ. ಅವರ ಜೋಡಿನ ಬಾಳೇ ಮಾಡೂದೈತಿ.”

“ಖರೇನ ಹೇಳಾಕತ್ತೀನಿ.”

“ಅಳಬ್ಯಾಡ.”

ನಾನು ಅಳುತ್ತಿರಲಿಲ್ಲ. ಸಿಟ್ಟು ಬಂದಿತ್ತು. ದನಿ ಏರಿಸಿದಷ್ಟೂ ಅವಳ ಮುಖದಲ್ಲಿ ಮರುಕ ಹೆಚ್ಚಾಯಿತು. ಸೊಸೆ ಹೇಳಿಕೊಟ್ಟು ಕಳಿಸಿದ್ದಾಳೆ ಎಂಬ ಮಾತನ್ನು ನಾನೇ ಹೋಗಿ ಊರಿಗೆ ಕೊಟ್ಟುಬಂದೆ.

ಕಿಟ್ಲಿಯನ್ನು ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದೆ. ಮರುದಿನ ಎಚ್ಚರವಾಯಿತು, ಏಳಲಿಲ್ಲ. ಕೆಮ್ಮಲೂ ಇಲ್ಲ. ಹಣೆಗೆ ಸೆರಗು ಬಿಗಿದು ಗೋಡೆಗೆ ಮುಖ ಮಾಡಿ ಬಿದ್ದುಕೊಂಡೆ. ಸ್ವಲ್ಪ ಹೊತ್ತಿಗೆ ಬಳೆ ಸದ್ದಾಯಿತು.

“ಯಾಕ್ರಿ, ಇವತ್ತ ಕೆಮ್ಮ ಬರಲಿಲ್ಲೇನು?”

ನಾನು ಹಣೆಯ ಸೆರಗನ್ನು ಇನ್ನಷ್ಟು ಬಿಗಿದುಕೊಂಡೆ.

“ದವಾಖಾನ್ಯಾಗ ಕೆಲಸಾ ಮಾಡತೀನ್ರಿ ನಾ. ಖರೇ ಕೆಮ್ಮ ಯಾವದು, ಚಹಾದ ಕೆಮ್ಮ ಯಾವದು, ನನಗ ಗೊತ್ತಾಗೂದಿಲ್ಲೇನು?”

ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸಲಾಗಲಿಲ್ಲ. ಇಷ್ಟು ದಿನ ಎಲ್ಲ ಗೊತ್ತಿದ್ದೇ ಏಳುತ್ತಿದ್ದಳು. ಮೋಸ ಹೋಗಿ ಎದ್ದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ಅವಳು ಬಗ್ಗಿ ಪೆಟ್ಟಿಗೆ ಎಳೆದು, ಕಿಟ್ಲಿ ತೆಗೆದು ಅಡುಗೆಮನೆಗೆ ಒಯ್ದಳು. ಮರುವಾರ ಮಗನಿಗೆ ಹೇಳಿ ಅಲ್ಲಿಯೂ ಒಂದು ಪ್ಲಗ್ಗು ಹಾಕಿಸಿದಳು.

“ಒಲಿ ಮಗ್ಗಲಕ ಇರಲಿ ಇದು,” ಎಂದಳು. “ಅಲ್ಲೇ ನೀರ ಕಾಸರಿ, ಅಲ್ಲೇ ಕುಡೀರಿ. ಗ್ಯಾಸಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ. ಯಾರರ ಬಂದ್ರ ಚಹಾ ನಾ ಮಾಡಿದ್ದು ಅಂತ ಹೇಳ್ರಿ.”

ಹಾಗೇ ನಡೆಯಿತು. ಒಂದು ಬೆಳಗ್ಗೆ ನಾನು ಅಡುಗೆಮನೆಯಲ್ಲಿ ಬಶಿ ಊದುತ್ತಿದ್ದೆ. ಸೊಸೆ ಗಾಢ ನಿದ್ದೆಯಲ್ಲಿದ್ದಳು. ಹಿಂದಿನ ದಿನ ದವಾಖಾನೆಯಲ್ಲಿ ಹೆರಿಗೆಗಳ ಮೇಲೆ ಹೆರಿಗೆ ಎಂದು ಸೋತು ಬಂದಿದ್ದಳು. ಎದುರು ಮನೆಯವಳು ಅಂದು ಎಲ್ಲಿಗೋ ಹೋಗುವುದಿತ್ತೆಂದು ಬೇಗ ಬಂದಳು. ಬಾಗಿಲು ತೆರೆದೇ ಇತ್ತು. ತಂಬಿಗೆ ಹಿಡಿದು ನೆಟ್ಟಗೆ ಅಡುಗೆಮನೆಯವರೆಗೆ ಬಂದು, ನನ್ನ ಬಶಿ ನೋಡಿದಳು, ಕಿಟ್ಲಿ ನೋಡಿದಳು. ಬಾಯಿ ತೆರೆಯುವುದರಲ್ಲಿದ್ದಳು.

ನಾನು ಮೊದಲೇ ಕೋಣೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ: “ಯವ್ವಾ, ಚಹಾ ಚಲೋ ಮಾಡಿದಿ ನೋಡು ಇವತ್ತ.”

ಕೋಣೆಯಲ್ಲಿ ಬಳೆ ಸದ್ದಾಯಿತು. ಆಮೇಲೆ ನಿದ್ದೆಯಿಂದ ದಪ್ಪಗಾದ ದನಿ ಬಂತು: “ಬೆಲ್ಲಾ ಸಾಕಾತೇನ್ರಿ?”

“ಸಾಕವಾ.”

ಗೆಳತಿ ಹಾಲು ಹಾಕಿಸಿಕೊಂಡು ಹೋದಳು. ನಂಬಿದಳೋ ಇಲ್ಲವೋ, ಹೇಳಿಕೊಳ್ಳಲು ಏನೂ ಸಿಗಲಿಲ್ಲ ಅವಳಿಗೆ.

ಮಂಚ ಕಿರ್ ಎಂದಿತು. ಸೊಸೆ ಎದ್ದು ಬಂದು ಗೋಡೆಗೆ ಆತು ಕೂತಳು. ಕಣ್ಣು ಕೆಂಪಗಿದ್ದವು. ಒಮ್ಮೆ ನಿದ್ದೆ ಹಾರಿದರೆ ಅವಳಿಗೆ ಮತ್ತೆ ಹತ್ತುವುದಿಲ್ಲ, ನನಗೆ ಗೊತ್ತು. ಅವಳು ಮಲಗಲಿ ಎಂದು ತಂದ ಕಿಟ್ಲಿ. ಅದರ ಮುಂದೆ ನಿಂತು ನಾನೇ ಕೂಗಿ ಎಬ್ಬಿಸಿದ್ದೆ.

ಉಳಿದ ಕಪ್ಪು ನೀರಿಗೆ ಹಾಲು ಬಿಟ್ಟು, ಕಪ್ಪು-ಬಶಿ ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಬೀದಿಯ ಕಡೆ ನೋಡಿ, “ಮೊದಲ ಬಾಗಲಾ ಮುಂದ ಮಾಡ್ರಿ,” ಎಂದಳು.

ಹೋಗಿ ಬಾಗಿಲು ಮುಚ್ಚಿ ಬಂದೆ. ಆಮೇಲೆ ತೆಗೆದುಕೊಂಡಳು. ಅವಳು ಕುಡಿದು ಮುಗಿಸುವವರೆಗೆ ನಾನು ನಿಂತೇ ಇದ್ದೆ.