ಚುಕ್ಕಾಣಿ ಮೋಟರಿನ ಓಬಣ್ಣ

ಕೆರೆಯಲ್ಲೇ ಕಾಲು ಮುಳುಗುವಷ್ಟು ನೀರಿಲ್ಲದ ನಮ್ಮ ಚಳ್ಳಕೆರೆಯಲ್ಲಿ ಓಬಣ್ಣ ಮಾತ್ರ, ನೆಲ ಈಗ ವಾಲೀತು ಆಗ ವಾಲೀತು ಎಂಬಂತೆ ಕಾಲು ಅಗಲಿಸಿಕೊಂಡು ನಡೆಯುತ್ತಿದ್ದ. ಮೊಳಕಾಲ್ಮೂರು ಕಡೆಯ ದನ ಕಾಯುವ ಮನೆತನದವನು. ಅದು ಹೇಗೋ ಮುಂಬಯಿ ಸೇರಿ, ಹಡಗುಗಳಲ್ಲಿ ಕರೆಂಟಿನ ಕೆಲಸ ಮಾಡಿ, ತೊಂಬತ್ತರ ದಶಕದಲ್ಲಿ ಹಿಂದಿರುಗಿ ನನ್ನ ಶೇಂಗಾ ಎಣ್ಣೆ ಮಿಲ್ಲಿಗೆ ಸೇರಿಕೊಂಡ.

ಬಂದ ಹೊಸತರಲ್ಲೇ ನನ್ನ ಹೊಟ್ಟೆ ಉರಿಸಿದ. ಹೊರೆ ಹೆಚ್ಚಿ ಮೋಟರು ಕಾದರೆ ಕರೆಂಟು ತಾನಾಗಿ ಕಡಿಯಬೇಕಲ್ಲ? ಈ ಪುಣ್ಯಾತ್ಮ ಹಾಗೆ ಕಡಿಯುವ ಕಟ್ಟು ತೆಗೆದು, ಬದಲಿಗೆ ಬಡಿಯುವ ಗಂಟೆಯೊಂದನ್ನು ಕಟ್ಟಿದ್ದ! ಗಂಟೆ ಬಡಿದುಕೊಂಡಿತು; ಯಾವುದೋ ಗುಡಿಯ ಮಂಗಳಾರತಿ ಎಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಮೋಟರು ಸುಟ್ಟು ಕರಕಲಾಯಿತು.

"ತಲೆಗಿಲೆ ಕೆಟ್ಟೈತೇನಲೇ?" ಎಂದು ಕೂಗಾಡಿದೆ.

"ಕೈಗೆ ಹಳೇ ರೂಢಿ ಸಾವ್ಕಾರ್ರೇ. ಹಡಗಿನ ಚುಕ್ಕಾಣಿ ಮೋಟರಿಗೆ ಹಂಗೇ ಕಟ್ಟೋದು. ಕಾದ್ರೆ ಗಂಟೆ ಹೊಡೀಬೇಕು, ಮೋಟರು ನಿಲ್ಲಬಾರ್ದು. ಬಂಡೆ ಎದುರಿಗಿದ್ದಾಗ ಚುಕ್ಕಾಣಿ ನಿಂತ್ರೆ ಏಮಿ ಗತಿ? ಮೋಟರು ಸುಟ್ರೆ ಸುಡ್ಲಿ, ಮಂದಿ ಉಳೀಬೇಕು."

ಸಮುದ್ರವನ್ನೇ ಕಾಣದ ನನಗೆ ಅದು ಅರ್ಥವಾಯಿತೋ ಇಲ್ಲವೋ, ಈಗಲೂ ಹೇಳಲಾರೆ.

ಕೆಲವು ವರ್ಷಗಳ ಮೇಲೆ ಅವನ ಹಡಗಿನ ಗೆಳೆಯನೊಬ್ಬ, ಸರ್ಕಾರ ಹೊಸದಾಗಿ ಅಚ್ಚು ಹಾಕಿಸಿದ ಹಡಗಿನ ವಿದ್ಯುತ್ ಸುರಕ್ಷತೆಯ ನಿಯಮಗಳನ್ನು ಕಳಿಸಿಕೊಟ್ಟ. ಮಿಲ್ಲಿನ ಬೇವಿನ ಮರದಡಿ ಕೂತು ಓದುತ್ತಿದ್ದ ಓಬಣ್ಣನ ಮುಖ ಬಾಡಿಹೋಯಿತು. ಕಾದರೆ ಕರೆಂಟು ಕಡಿಯಬೇಕಾದ ಮೋಟರುಗಳ ಜೊತೆಗೆ ಚುಕ್ಕಾಣಿ ಮೋಟರನ್ನೂ ಸೇರಿಸಿಬಿಟ್ಟಿದ್ದರಂತೆ.

"ನನ್ ತಮ್ಮ ತಿಪ್ಪೇಶಿ ಹಡಗಿನಾಗೇ ಅವ್ನೆ ಸ್ವಾಮಿ," ಎಂದ.

"ಓದಿದೋರು ಬರೆದದ್ದು ತಪ್ಪಿರ್ತೈತೇನೋ?"

"ಓದಿದೋರೇ. ಕೈತಪ್ಪು ಎಲ್ರಿಗೂ ಆಗ್ತೈತೆ. ನೀರಿನ ಕಟ್ಟು ನೆಲಕ್ಕೆ ಹಾಕಿ ನಾನು ನಿಮ್ ಮೋಟರು ಸುಡ್ಲಿಲ್ವಾ? ಅವ್ರು ನೆಲದ ಕಟ್ಟು ನೀರಿಗೆ ಹಾಕವ್ರೆ."

ಅವನು ಹೇಳಿದ, ನಾನು ಇಂಗ್ಲಿಷಿನಲ್ಲಿ ಸರ್ಕಾರಕ್ಕೆ ಅರ್ಜಿ ಬರೆದೆ. ಈ ಕಚೇರಿಯವರು ಆ ಕಚೇರಿಯನ್ನು ಕೇಳಿ ಎಂದರು. ಆ ಕಚೇರಿಯವರು ಈ ಕಚೇರಿಯನ್ನೇ ಕೇಳಿ ಎಂದರು. ವರ್ಷಗಟ್ಟಲೆ ಬರೆದೂ ಬರೆದೂ, ಕಾಪಾಡಬೇಕಾದದ್ದು ಮೋಟರನ್ನೋ ಹಡಗನ್ನೋ ಎಂದು ನನ್ನ ತಲೆಯೇ ಗೊಂದಲದ ಗೂಡಾಯಿತು.

ಕೊನೆಗೆ ಓಬಣ್ಣ ತಾನೇ ಮುಂಬಯಿಗೆ ಹೊರಟು ನಿಂತ. ಆಗಲೇ ಎದೆನೋವು ಶುರುವಾಗಿತ್ತು. "ಡಾಕ್ಟರು ಮಲಗು ಅಂದವ್ರೆ, ಎಲ್ಲಿಗಲೇ ಹೋಗ್ತೀಯಾ?" ಎಂದು ಬಸ್ ನಿಲ್ದಾಣದಲ್ಲೇ ಬೈದೆ.

ಎದೆ ನೀವಿಕೊಂಡು ನಕ್ಕ. "ಗಂಟೆ ಹೊಡೀತೈತೆ, ಅಷ್ಟೇ. ಬರ್ತೀನಿ ಸಾವ್ಕಾರ್ರೇ."

ಬರಲಿಲ್ಲ. ಅಧಿಕಾರಿಗಳು ಅವನನ್ನು ಕೂರಿಸಿಕೊಂಡು ಕೇಳಿ, ಹೌದು ತಪ್ಪಾಗಿದೆ ಎಂದು ಒಪ್ಪಿದರಂತೆ. ಎರಡು ದಿನಕ್ಕೆ ಅಲ್ಲೇ ಗೆಳೆಯನ ಮನೆಯಲ್ಲಿ ತೀರಿಕೊಂಡ. ತಿದ್ದಿದ ನಿಯಮದ ಹಾಳೆ ಆಮೇಲೆ ಬಂತು, ತಂದುಕೊಟ್ಟವನು ತಿಪ್ಪೇಶಿ. ನಾನು ಅವನ ಭುಜ ತಟ್ಟಿದೆ.

"ಇನ್ನು ಹಡಗಿನಾಗೆ ನಿಶ್ಚಿಂತೆಯಿಂದ ಇರಪ್ಪಾ. ನಿನಗೋಸ್ಕರ ನಿಮ್ಮಣ್ಣ ಜೀವ ತೇದುಬಿಟ್ಟ."

ತಿಪ್ಪೇಶಿ ಪಿಳಿಪಿಳಿ ನೋಡಿದ. "ನಾನು ಹಡಗು ಬಿಟ್ಟು ಎರಡು ವರ್ಷ ಆತು ಸಾವ್ಕಾರ್ರೇ. ಮೊಳಕಾಲ್ಮೂರಾಗೆ ರೇಷ್ಮೆ ಮಗ್ಗ ಹಾಕೀನಿ. ಅಣ್ಣನೇ ಬಂದು ಲೈಟು ಹಾಕ್ಕೊಟ್ಟಿದ್ದ."

ಹಾಗಾದರೆ ಓಬಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗಾಗಿ ಬಸ್ಸು ಹತ್ತಿದನೋ ಮಾರಾಯ! ಹೆಸರೂ ತಿಳಿಯದ ಯಾವ ಮಂದಿಗಾಗಿ? ಇವತ್ತಿಗೂ ನನಗೆ ಬಗೆಹರಿದಿಲ್ಲ. ಗುಡಿಯ ಗಂಟೆ ಕೇಳಿದರೆ ಸಾಕು, ಎದ್ದು ಹೋಗಿ ಮೋಟರು ಮುಟ್ಟಿ ನೋಡುತ್ತೇನೆ.