ಶೋಧನೆಗೆ ಸಿಕ್ಕ ದ್ರಾಕ್ಷಿ

ಗುಣವತಿಬಾಯಿಯ ಮನೆಯಲ್ಲಿ ಊಟ ತಪ್ಪಿದರೂ ಸಂಜೆಯ ಪ್ರಾರ್ಥನೆ ತಪ್ಪುವಂತಿರಲಿಲ್ಲ. ಬೀದರಿನ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದ ಹೆಂಗಸು. ಗಂಡ ಯೋಹಾನಪ್ಪನಿಗೆ ಮರಾಠಿ ಸೀಮೆಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಾಗ ಬೈಬಲ್ಲು, ಜೋಳದ ಹಿಟ್ಟು ಎರಡನ್ನೂ ಒಂದೇ ಟ್ರಂಕಿಗೆ ತುಂಬಿಕೊಂಡು ಟೌನ್‌ಶಿಪ್ಪಿಗೆ ಬಂದವಳು. ಚಿಂತೆ ಒಂದೇ: ಮಗಳು ಸಲೋಮಿ. ಆಡುವುದು ಮರಾಠಿ, ಜಗಳವಾಡುವುದು ಹಿಂದಿ, ಕನ್ನಡ ಬರೀ ಪ್ರಾರ್ಥನೆಗೆ, ಅದೂ ಗಿಣಿಪಾಠ.

"ದೇವರು ಈಕಿ ಎದಿಯೊಳಗ ಇಳದಾನೋ, ನಾಲಿಗಿ ಮ್ಯಾಲೇ ಕುಂತಾನೋ, ಹೇಳ್ರಿ?" ಎಂದು ಗಂಡನ ತಲೆ ತಿನ್ನುತ್ತಿದ್ದಳು.

ಈಸ್ಟರ್ ಹತ್ತಿರ ಬಂದಿತ್ತು. ಶೋಧನೆಯಿಂದ, ಎಂದರೆ ಪಾಪದ ಸೆಳೆತದಿಂದ, ಕಾಪಾಡೆಂದು ಬೇಡುವ ಸಾಲು ಬಂದಾಗಲೆಲ್ಲ ಸಲೋಮಿ ಕಣ್ಣು ಬಿಗಿಯಾಗಿ ಮುಚ್ಚಿ, ದನಿ ಏರಿಸಿ, ಎರಡೆರಡು ಸಲ ಹೇಳತೊಡಗಿದಳು. ಗುಣವತಿಗೆ ಹಿಗ್ಗೋ ಹಿಗ್ಗು! "ಇಳದ ನೋಡ್ರೀ ದೇವರು!"

ಶನಿವಾರ ಟ್ರಂಕಿನ ಹಿಂದಕ್ಕೆ ಇರುವೆ ಸಾಲುಗಟ್ಟಿತ್ತು. ಎಳೆದು ನೋಡಿದರೆ ಬಾಡಿದ ದ್ರಾಕ್ಷಿಗೊಂಚಲು! ಪಕ್ಕದ ಮನೆಯ ಗಿರಿಜಮ್ಮ ನಿಫಾಡಿನಿಂದ ತರಿಸಿದ್ದ ಬುಟ್ಟಿಯದು. ಕಾಣೆಯಾಯಿತೆಂದು ಅವರು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದರು.

ಸಲೋಮಿ ಹೋ ಎಂದು ಅತ್ತಳು. "ಶೋಧ್ ಆಗಬಾರದು ಅಂತ ದೇವರಿಗಿ ರೋಜ್ ಹೇಳ್ದೆ ನಾ! ತರೀ, ಆದ್ರೂ ಸಿಕ್ತು!"

ಮರಾಠಿಯಲ್ಲಿ ಶೋಧ್ ಎಂದರೆ ಹುಡುಕಾಟ. ಪುಣ್ಯಾತ್ಗಿತ್ತಿ ಅಷ್ಟು ಭಕ್ತಿಯಿಂದ ಬೇಡಿದ್ದು ಯಾರೂ ಹುಡುಕದಿರಲಿ ಎಂದು! ಗುಣವತಿಗೆ ನಗು ಉಕ್ಕಿತು, ಹಿಂದೆಯೇ ಹಳೆಯ ಚಿಂತೆ ಮರಳಿತು. ಇಷ್ಟು ದಿನ ಕಲಿಸಿದ್ದೆಲ್ಲ ನೀರುಪಾಲಾಯಿತೇ?

ಬೈಯಲು ಮನಸ್ಸಾಗದೆ ಮಗಳನ್ನು ಹತ್ತಿರ ಎಳೆದುಕೊಂಡಳು. "ದ್ರಾಕ್ಷಿ ಕಂಡು ಕೈ ಕಡೀತದಲ್ಲ, ಅದೇ ಶೋಧನೆ. ಇನ್ನ ಬಾಯಿಪಾಠ ಬ್ಯಾಡವ್ವ. ನಿನಗ ಬಂದಂಗ, ಇದ್ದದ್ದು ಇದ್ದಂಗ ಹೇಳು."

ಗಿರಿಜಮ್ಮನ ಮುಂದೆ ಹೋಗಿ ಸಲೋಮಿ ತಪ್ಪೊಪ್ಪಿಕೊಂಡಳು. ಆ ತಾಯಿ ನಕ್ಕು ಇನ್ನೊಂದು ಗೊಂಚಲು ಕೊಟ್ಟು ಕಳಿಸಿದರು.

ಸಂಜೆ ಮೂವರೂ ಮೊಣಕಾಲೂರಿದರು. ಸಲೋಮಿ ಶುರುಮಾಡಿದಳು:

"ದೇವಾ, ನಾ ದ್ರಾಕ್ಷಿ ಚೋರಿ ಮಾಡ್ದೆ. ಮಾಫ್ ಕರ್. ಗಿರಿಜಮ್ಮ ಆಂಟಿ ಸಕ್ರಿ ಕೇಳಾಕ ಬಂದಾಗ ಅವ್ವ ಇಲ್ಲ, ಅಂಗಡ್ಯಾಗೂ ಇಲ್ಲ ಅಂದ್ಳು. ಡಬ್ಬಿ ತುಂಬ ಇತ್ತು. ಅವ್ವಗ ಭೀ ಮಾಫ್ ಕರ್."

ಯೋಹಾನಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಭುಜ ಮಾತ್ರ ಕುಣಿಯುತ್ತಿತ್ತು. ಗುಣವತಿಯ ಮುಖಕ್ಕೆ ರಕ್ತ ನುಗ್ಗಿತು. ಈಸ್ಟರ್ ಉಂಡಿಗೆಂದು ಎತ್ತಿಟ್ಟ ಸಕ್ಕರೆ! ನಾಚಿಕೆಯಿಂದ ನೆಲಕ್ಕಿಳಿಯುವಂತಾಯಿತು. ಆದರೂ, ಹುಡುಗಿ ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ತಾನು ಹೇಳಿಕೊಟ್ಟದ್ದೂ ಅದನ್ನೇ. ಆಮೆನ್‌ಗೂ ಕಾಯದೆ ಎದ್ದಳು. ಬಟ್ಟಲು ತುಂಬ ಸಕ್ಕರೆ ಸುರಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಮಗಳು ಸೆರಗು ಹಿಡಿದು ಹಿಂದೆಯೇ ಬಂದಿದ್ದಳು.

"ಅಯ್ಯೋ, ಸಕ್ಕರೆ ಬಂತಾ ಅಂಗಡಿಗೆ?" ಎಂದರು ಗಿರಿಜಮ್ಮ.

"ಇಲ್ರೀ. ಅವತ್ತೂ ಮನ್ಯಾಗ ಇತ್ತು," ಎಂದಳು ಗುಣವತಿ.

"ಆಮೆನ್," ಎಂದಳು ಸಲೋಮಿ.